ಮೇಡಂ ತೆಗೆದ ತಕರಾರು

ಅರಬ್ಬಿ ಕಲಿಯಲು ಆರು ತಿಂಗಳು ಕೈರೋಗೆ ಹೋದಾಗ ನನಗೆ ಹುಂಬ ಧೈರ್ಯವಿತ್ತು. ನಾವು ದಿನಾ ಆಡುವ ವಕೀಲ, ತಾರೀಖು, ಖಾಲಿ ಎಲ್ಲವೂ ಅರಬ್ಬಿಯಿಂದ ಬಂದ ಮಾತುಗಳೇ. ಅರ್ಧ ಭಾಷೆ ನಮ್ಮೂರು ಮೆಟ್ರಿಯಲ್ಲೇ ಕಲಿತಾಗಿದೆ ಎಂದುಕೊಂಡಿದ್ದೆ.

ಎರಡನೇ ವಾರ ನಾನು ಪಾಠ ಓದಿ ಮುಗಿಸುತ್ತಲೇ ಮೇಡಂ ಹುಬ್ಬು ಗಂಟಿಕ್ಕಿ, "ತಕರಾರ್" ಎಂದರು. ನಮ್ಮೂರಲ್ಲಿ ತಕರಾರು ಅಂದರೆ ಕಾಲುವೆ ನೀರಿನ ಜಗಳ. ನನ್ನ ಮೇಲೂ ಯಾರೋ ದೂರು ಕೊಟ್ಟಿದ್ದಾರೆ, ಇನ್ನು ಊರಿಗೆ ವಾಪಸ್ ಕಳಿಸುತ್ತಾರೆ ಅಂತ ಗಾಬರಿಯಾಗಿ ಎದ್ದು ನಿಂತೆ. ಬಂದಷ್ಟು ಅರಬ್ಬಿಯಲ್ಲಿ, "ನಾನು ಯಾರ ಜೊತೆಗೂ ಜಗಳವಾಡಿಲ್ಲ ಮೇಡಂ. ರೂಮಿನ ಗೆಳೆಯನ ಸೋಪು ಮಾತ್ರ ಒಮ್ಮೆ ಬಳಸಿದ್ದೇನೆ" ಎಂದೆ.

ಕ್ಲಾಸು ಗೊಳ್ಳೆಂದಿತು. ಮೇಡಂ ನಕ್ಕು ಕಣ್ಣೊರೆಸಿಕೊಂಡು ವಿವರಿಸಿದರು. ಅರಬ್ಬಿಯಲ್ಲಿ ತಕರಾರ್ ಎಂದರೆ ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುವುದು. ಪಾಠ ಇನ್ನೊಮ್ಮೆ ಓದು ಅಂದಿದ್ದರು, ಅಷ್ಟೇ.

ಊರಿಗೆ ಮರಳಿದ ದಿನವೇ ಅಪ್ಪನನ್ನು ಹುಡುಕಿಕೊಂಡು ಗದ್ದೆಗೆ ಹೋದೆ. ಕಾಲುವೆ ತೂಬಿನ ಹತ್ತಿರ ಪಕ್ಕದ ಗದ್ದೆಯ ಬಸಣ್ಣನ ಜೊತೆ, ನೀರಿನ ಸರದಿ ಯಾರದು ಅಂತ ಜೋರು ವಾದ ನಡೆದಿತ್ತು. ಇಬ್ಬರೂ ಉಸಿರು ತೆಗೆದುಕೊಳ್ಳಲು ನಿಂತಾಗ ನನ್ನ ಕಥೆ ಹೇಳಿದೆ. ಬಸಣ್ಣ ಬಿದ್ದು ಬಿದ್ದು ನಕ್ಕ. ಅಪ್ಪ ನಗಲಿಲ್ಲ.

"ನಿಮ್ಮ ಮೇಡಮ್ಮಾರು ಸರಿಯಾಗೇ ಹೇಳ್ಯಾರ ಬಿಡು. ನಾವಿಬ್ರೂ ಇಪ್ಪತ್ತು ವರ್ಷದಿಂದ ಅದನ್ನೇ ಹೇಳಾಕತ್ತೀವಿ" ಎಂದವನೇ, ಬಸಣ್ಣನ ಕಡೆ ತಿರುಗಿ ಮೊದಲಿನಿಂದ ಶುರು ಮಾಡಿದ.