ಚೌಡಾಪುರಕ್ಕೆ ಬಂದ ಹಡಗು

ನಮ್ಮ ಶ್ರೀಪಾದ ಕಾಕಾ, ಮಂದಿಯ ಬಾಯಲ್ಲಿ ಪಂತರು, ಹದಿನಾಲ್ಕು ವರ್ಷ ಅಫಜಲಪುರದ ಕಚೇರಿಯ ಎದುರು ಚಾಪೆ ಹಾಸಿಕೊಂಡು ಊರವರ ಅರ್ಜಿ ಬರೆದವರು. ಅವರ ಅರ್ಜಿಯಲ್ಲಿ ಊರಿನ ಹೆಸರಿಲ್ಲದ ಜಾಗವಿರಲಿಲ್ಲ, ವಾರ-ಗಂಟೆ ಇಲ್ಲದ ಘಟನೆ ಇರಲಿಲ್ಲ, ಮೈಮೇಲಿನ ಗುರುತು ಹೇಳದ ಮನುಷ್ಯನಿರಲಿಲ್ಲ. ಸಾಕ್ಷಿ ಹೇಳಿದ್ದರಲ್ಲಿ ಒಂದು ಮಾತನ್ನೂ ಬಿಡುತ್ತಿರಲಿಲ್ಲ. ಈ ಶಿಸ್ತೇ ಅವರನ್ನು ಒಮ್ಮೆ ಜೈಲಿನ ಬಾಗಿಲತನಕ ಒಯ್ದಿತ್ತು. ಆಯುಷ್ಯ ಗಟ್ಟಿ ಇತ್ತು, ತಿರುಗಿ ಬಂದರು. ಬಂದದ್ದರಿಂದಲೇ ನಾನಿದನ್ನು ನಗುತ್ತ ಬರೆಯುತ್ತಿದ್ದೇನೆ.

ನಲವತ್ತೇಳರ ದೀಪಾವಳಿಗೆ ಕಾಕಾ ಕಾಗದ ತರಲೆಂದು ಸೊಲ್ಲಾಪುರಕ್ಕೆ ಹೋದವರು ಅಲ್ಲಿ ಒಂದು ಗೂಢಚಾರರ ಸಿನೆಮಾ ನೋಡಿದರು. ಸೈನ್ಯದ ನಕಾಶೆ ಕದ್ದ ಗುಂಪು, ಅದರ ಬೆನ್ನು ಹತ್ತಿದ ಒಬ್ಬ ಗೂಢಚಾರ, ಕೊನೆಗೆ ಬಂದರಿನಲ್ಲಿ ಹಡಗಿನ ಮೇಲೆ ಹೊಡೆದಾಟ. ಮನೆಗೆ ಬಂದು ನರ್ಮದಾ ಕಾಕುವಿನ ಮುಂದೆ ಬಾಯಿ ಚಪ್ಪರಿಸಿ ಹೇಳಿದರು. ಜೀವಮಾನದಲ್ಲಿ ಒಂದು ಸಿನೆಮಾ ಕಾಣದ ಕಾಕು ಮೂರು ದಿನ ಗಂಡನ ಜೊತೆ ಮಾತು ಬಿಟ್ಟಳು. ಆಕೆಯ ಸಿಟ್ಟಿನಲ್ಲಿ ಏನು ತಪ್ಪಿತ್ತು ಎಂದು ನನಗಿನ್ನೂ ತಿಳಿದಿಲ್ಲ. ನಾಲ್ಕನೆಯ ದಿನ ಕಾಕಾ ರಾಜಿಗೆ ಬಂದರು: ಇಡೀ ಸಿನೆಮಾ ಕಾದಂಬರಿಯಾಗಿ ಬರೆದು ಕೊಡುತ್ತೇನೆ.

ಆಳಂದದಿಂದ ಬಂದಿದ್ದ ಕಾಕುವಿನ ತಮ್ಮ ಹರಿ ಇದನ್ನು ಕೇಳಿ ನಕ್ಕ. "ಸಿನೆಮಾ ಅಂದ್ರ ನೋಡೂದ್ರಿ ಭಾವಾ. ಅದರಾಗೂ ಗೂಢಚಾರಂದು. ಪಡದೆ ಮ್ಯಾಲೆ ಒಂದು ನೆರಳು ಸರೀತು ಅಂದ್ರ ಎದಿ ಝಲ್ ಅಂತದ. ನೀವು 'ನೆರಳು ಸರಿಯಿತು' ಅಂತ ಬರದ್ರ ಯಾರ ಎದಿ ಝಲ್ ಅಂತದ?"

ಅಡಿಗೆಮನೆಯಿಂದ ಕಾಕು ಹೇಳಿದಳು: "ನೀನೂ ನೋಡೀದಿ, ನಿಮ್ಮ ಭಾವಾನೂ ನೋಡ್ಯಾರ. ನಮಗ ಅಕ್ಷರದಾಗರೆ ಬರ್ಲಿ ಬಿಡೋ."

ಹರಿಯ ಮಾತು ಪೂರಾ ಸುಳ್ಳಲ್ಲ. ಸಿನೆಮಾ ನೋಡಿ ಬರೆದ ಪುಸ್ತಕಗಳನ್ನು ನಾನೂ ಆಮೇಲೆ ಓದಿದ್ದೇನೆ, ಹೆಚ್ಚಿನವು ಸಪ್ಪೆ. ಆದರೆ ಟಿಕೀಟು ಹರಿಸಿ ಒಳಗೆ ಕುಳಿತವನು ಹೊರಗಿನವರಿಗೆ ಈ ಉಪದೇಶ ಮಾಡಬಾರದು.

ಕಾಕಾ ಬರೆಯಲು ಕುಳಿತರೆ ಕೈ ಅರ್ಜಿಯ ದಾರಿಯನ್ನೇ ಹಿಡಿಯಿತು. ಸಿನೆಮಾದ ಊರುಗಳ ಹೆಸರು ನೆನಪಿರಲಿಲ್ಲ. ಊರಿಲ್ಲದೆ ಬರೆದು ಅವರಿಗೆ ರೂಢಿಯೂ ಇರಲಿಲ್ಲ. ಹಾಗಾಗಿ ಸುತ್ತಲಿನ ಊರುಗಳನ್ನೇ ತೆಗೆದುಕೊಂಡು ಕಳ್ಳರ ಅಡ್ಡೆಯನ್ನು ಮಟಕಿಯಲ್ಲಿಟ್ಟರು, ಸೇನಾಪತಿಯ ಬಂಗಲೆಯನ್ನು ಅಂದೋಲಾದಲ್ಲಿ ಕಟ್ಟಿಸಿದರು, ಬಂದರನ್ನು ಚೌಡಾಪುರದಲ್ಲಿ.

"ಚೌಡಾಪುರಕ್ಕ ಹಡಗ ಎಲ್ಲಿಂದ ಬರ್ತದ್ರಿ?" ಎಂದಳು ಕಾಕು. "ಬ್ಯಾಸಗಿಯೊಳಗ ಎಮ್ಮಿ ಮೈ ತೊಳಿಲಿಕ್ಕೆ ನೀರಿಲ್ಲ ಅಲ್ಲಿ. ಅದನ್ನ ಗೆರಿ ಎಳದು ಹೊಡದು ಹಾಕ್ರಿ."

"ಹಡಗ ನಾ ಕಣ್ಣಾರೆ ನೋಡೇನಿ. ನೋಡಿದ್ದನ್ನ ಬಿಡಲಿಕ್ಕೆ ಬರೂದಿಲ್ಲ."

ಈ ಹಡಗಿನ ಸಲುವಾಗಿ ಗಂಡ ಹೆಂಡಿರು ಚಳಿಗಾಲವೆಲ್ಲ ಜಗಳಾಡಿದರು. ಆದರೂ ಮಧ್ಯಾಹ್ನ ಕಾಕು ಓದತೊಡಗಿದಳೆಂದರೆ ನೆರೆಯ ಮಾಣಿಕಮ್ಮ ಹಸನು ಮಾಡುವ ಜೋಳದ ಮೊರ ತೊಡೆಯ ಮೇಲಿಟ್ಟುಕೊಂಡು ಕಲ್ಲು ಆರಿಸುವುದನ್ನೇ ಮರೆಯುತ್ತಿದ್ದಳು. ಸುದ್ದಿ ಅಂದೋಲಾದಲ್ಲಿದ್ದ ಕಾಕುವಿನ ಅಕ್ಕ ಸರಸ್ವತಿಬಾಯಿಗೆ ಮುಟ್ಟಿ, ನನಗೂ ಓದಲು ಕಳಿಸು ಎಂದು ಆಕೆ ಹೇಳಿ ಕಳಿಸಿದಳು. ಯುಗಾದಿ ಕಳೆದ ಮೇಲೆ ಕಾಕಾಗೆ ಅಂದೋಲಾದ ಕಡೆಯೇ ಇರುವ ಜೇವರ್ಗಿಯಲ್ಲಿ ಏನೋ ಕೆಲಸ ಬಂತು. ಅಕ್ಕನಿಗೆ ಮುಟ್ಟಿಸಲೆಂದು ಕಾಕು ತನ್ನ ಕೈಯಿಂದಲೇ ಕಾದಂಬರಿ ಬರೆದ ವಹಿಯನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಚೀಲದಲ್ಲಿಟ್ಟಳು.

ಆಗ ದಿನಮಾನ ಚೆನ್ನಾಗಿರಲಿಲ್ಲ. ಗಡಿಯಾಚೆ ಸ್ವಾತಂತ್ರ್ಯ ಬಂದಿತ್ತು, ಈಚೆ ಇನ್ನೂ ನಿಜಾಮರ ರಾಜ್ಯ. ಗಡಿಯ ತಾಲೂಕುಗಳಲ್ಲಿ ಒಂದು ಚೀಟಿ ಸಿಕ್ಕರೂ ಸಂಶಯ. ಹಾಗೆ ಸಿಕ್ಕಿಬಿದ್ದು ಹೋದವರು ಯಾವಾಗ ತಿರುಗಿ ಬರುತ್ತಾರೆಂದು ಯಾರೂ ಹೇಳುವಂತಿರಲಿಲ್ಲ.

ಚೌಡಾಪುರದಲ್ಲಿ ಪೊಲೀಸರು ಕಾಕಾ ಕುಳಿತಿದ್ದ ಮೋಟಾರು ನಿಲ್ಲಿಸಿ ಚೀಲ ತೆಗೆಸಿದರು. ಹುಲೆಪ್ಪನೆಂಬ ಪೇದೆಗೆ ಕನ್ನಡ ಓದಲು ಬರುತ್ತಿತ್ತು. ವಹಿ ತೆರೆದು ಕೈಗೆ ಬಂದ ಪುಟವನ್ನು ಗಟ್ಟಿಯಾಗಿ ಓದಿದ: "ಮೌಜೆ ಚೌಡಾಪುರ. ಸೋಮವಾರ, ಬೆಳಗಿನ ಒಂಬತ್ತು ಗಂಟೆ. ರಸ್ತೆಯ ಎಡಕ್ಕೆ ಬೇವಿನ ಮರದ ಕೆಳಗೆ, ಬಲಗೆನ್ನೆಯ ಮೇಲೆ ಗಾಯದ ಗುರುತುಳ್ಳ ಆಸಾಮಿ ಕಾಯುತ್ತಿರುವನು. ಸೈನ್ಯದ ನಕಾಶೆಯನ್ನು ಅವನ ಕೈಗೆ ಕೊಡತಕ್ಕದ್ದು."

ಅಂದು ಸೋಮವಾರ. ಹೊತ್ತು ಒಂಬತ್ತರ ಆಸುಪಾಸು. ಬೇವಿನ ಮರದ ಕೆಳಗೆ ಬಾಳೆಹಣ್ಣಿನ ಬುಟ್ಟಿ ಇಟ್ಟುಕೊಂಡು ಮಾಳಿಂಗಪ್ಪ ಕುಳಿತಿದ್ದ. ಎಂದೋ ಎತ್ತಿನ ಕೊಂಬು ತಾಗಿ ಅವನ ಬಲಗೆನ್ನೆ ಸೀಳಿತ್ತು. ಇಬ್ಬರನ್ನೂ ಚೌಕಿಯೊಳಗೆ ಕೂಡಿಸಿದರು. ತನ್ನ ಪಾಡಿಗಿಂತ ಆ ಬಡಪಾಯಿಯ ಮುಖ ನೋಡಿ ಹೆಚ್ಚು ಸಂಕಟವಾಯಿತೆಂದು ಕಾಕಾ ಹೇಳುತ್ತಿದ್ದರು. ಅರ್ಜಿ ಬರೆದು ಹತ್ತು ಜನರನ್ನು ಬಿಡಿಸಿದ ಕೈ, ಕತೆ ಬರೆದು ಒಬ್ಬನನ್ನು ಹಿಡಿಸಿತ್ತು.

ಚೌಕಿಯ ಅಧಿಕಾರಿ ಅಮೀನ ಸಲಾವುದ್ದೀನ ಸಾಹೇಬರು ಬಂದದ್ದು ನಡು ಮಧ್ಯಾಹ್ನಕ್ಕೆ. ಕಾಕಾ ಕೈಮುಗಿದು, ಇದು ಸಿನೆಮಾದ ಕತೆ ಎಂದರು.

"ಸಿನೆಮಾ ಮಂದಿ ನೋಡ್ತಾರ, ಪಂತರ. ನೋಡಿದ್ದನ್ನ ಮತ್ತ ಬರದು ಓದೋರು ಯಾರು? ಊಟ ಮಾಡಿ ಬಂದು ಊಟದ ಸುದ್ದಿ ಬರದಂಗಾತು."

"ಮನಿಯಾಗ ಉಪವಾಸ ಇದ್ದವರು ಇದ್ರರಿ ಸಾಹೇಬ್ರ. ಅವರ ಸಲುವಾಗಿ ಬರದೇನಿ."

ಅಮೀನರು ನಂಬಲಿಲ್ಲ. ಮೊದಲಿನಿಂದ ಓದೆಂದು ಹುಲೆಪ್ಪನಿಗೆ ಹೇಳಿದರು. ಮಟಕಿಯ ಅಡ್ಡೆ ಬಂತು, ಅಂದೋಲಾದ ಬಂಗಲೆ ಬಂತು. ಒಂದೊಂದು ಊರಿಗೂ ಸಾಹೇಬರ ಹುಬ್ಬು ಗಂಟಿಕ್ಕುತ್ತಿತ್ತು. ಕೊನೆಗೆ ಇಬ್ಬರನ್ನೂ ಜಿಲ್ಲೆಗೆ ಕಳಿಸಲು ಕಾಗದ ತೆಗೆದೇಬಿಟ್ಟರು. ಹುಲೆಪ್ಪ ಮಾತ್ರ ಕತೆಯ ಗುಂಗಿನಲ್ಲಿ ಮುಂದಿನ ಪುಟಕ್ಕೆ ಹೋಗಿದ್ದ.

"ಮುಂಜಾನೆ ಆರು ಗಂಟೆಗೆ ಮೂರು ಅಂತಸ್ತಿನ ಹಡಗು ಶಿಳ್ಳೆ ಹಾಕುತ್ತ ಚೌಡಾಪುರಕ್ಕೆ ಬಂದು ನಿಂತಿತು. ಲಂಗರು ಇಳಿಸಿದರು. ಮುನ್ನೂರು ಪ್ರಯಾಣಿಕರು..."

ಹುಲೆಪ್ಪನೇ ಓದುವುದನ್ನು ನಿಲ್ಲಿಸಿ ವಹಿಯಿಂದ ತಲೆ ಎತ್ತಿದ.

"ಮತ್ತೊಮ್ಮೆ ಓದು," ಎಂದರು ಅಮೀನರು. ಅವನು ಓದಿದ. ಅವರು ಎದ್ದು ಬಾಗಿಲಿಗೆ ಹೋಗಿ ಹೊರಗೆ ನೋಡಿದರು. ಕೆಂಡದಂಥ ಬಿಸಿಲು, ಧೂಳಿನ ರಸ್ತೆ, ಬೇವಿನ ನೆರಳಿನಲ್ಲಿ ನಾಲ್ಕು ಆಡು.

"ಹಡಗ ಯಾವ ಕಡಿಂದ ಬಂತ್ರಿ ಪಂತರ?"

ಕಾಕಾ ಬಾಯಿ ತೆರೆಯುವ ಮೊದಲೇ ಮಾಳಿಂಗಪ್ಪ ಮೂಲೆಯಿಂದ ಹೇಳಿದ: "ನಮ್ಮೂರಾಗ ಈಗ ಎಮ್ಮಿ ಮೈ ತೊಳ್ಯಾಕ ನೀರಿಲ್ಲರಿ ಹುಜೂರ್."

ಸಾಹೇಬರು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ತೆಗೆದ ಕಾಗದವನ್ನು ಮಡಚಿ ಒಳಗಿಟ್ಟರು. "ಇಂಥ ಜಾಸೂಸ ನಮ್ಮ ದುಶ್ಮನ್ರಿಗೆ ಸಿಗ್ಲಿ. ಹೋಗ್ರಿ ಮನಿಗೆ," ಎಂದು ವಹಿಯನ್ನು ಕಾಕಾನ ಕೈಯಲ್ಲೇ ಕೊಟ್ಟರು.

ಇತ್ತ ಅದೇ ಮೋಟಾರಿನಲ್ಲಿದ್ದ ನಮ್ಮೂರಿನ ಸೈದಪ್ಪ ಎದುರಿಗೆ ಬಂದ ಗಾಡಿ ಹತ್ತಿ ಅಫಜಲಪುರಕ್ಕೆ ಮರಳಿ, ಪಂತರನ್ನು ಹಿಡಿದಿದ್ದಾರೆಂದು ಕಾಕುವಿಗೆ ತಿಳಿಸಿದ್ದ. ವಹಿ ಕಟ್ಟಿಕೊಟ್ಟ ತನ್ನ ಕೈಗಳನ್ನೇ ನೋಡುತ್ತ ಆಕೆ ನೀರೂ ಕುಡಿಯದೆ ಹೊಸ್ತಿಲ ಮೇಲೆ ಕುಳಿತಳು. ದೀಪ ಹಚ್ಚುವ ಹೊತ್ತಿಗೆ ಕಾಕಾ ಬಂದರು, ಬಗಲಲ್ಲಿ ಬಾಳೆಹಣ್ಣಿನ ಬುಟ್ಟಿ. ಮಾಳಿಂಗಪ್ಪನಿಗೆ ಮುಖ ತೋರಿಸಲಾಗದೆ ಹಣ್ಣೆಲ್ಲ ಬುಟ್ಟಿ ಸಮೇತ ಕೊಂಡಿದ್ದರು. ಕಾಕು ಬುಟ್ಟಿ ಇಳಿಸಿಕೊಂಡು, ಗಂಡನ ತೋಳು ಹಿಡಿದು, ಓಣಿಯವರೆಲ್ಲ ನೋಡುತ್ತಿರುವಂತೆಯೇ ಅತ್ತಳು.

ನಡೆದದ್ದೆಲ್ಲ ಹೇಳಿ ಕಾಕಾ ವಹಿ ಹಿಡಿದು ಬಚ್ಚಲ ಒಲೆಯ ಕಡೆ ನಡೆದರು. ಕಾಕು ಅಡ್ಡ ಬಂದು ಅದನ್ನು ಕಸಿದುಕೊಂಡಳು.

"ಹಂಗಾರ ಹಡಗರೆ ಹೊಡದು ಹಾಕ್ಲೇನು? ನೀನೇ ಹೇಳಾಕತ್ತಿದ್ದಿ," ಎಂದರು ಕಾಕಾ.

"ಬೇಕಾದ್ರ ಉಳದದ್ದೆಲ್ಲಾ ಹೊಡದು ಹಾಕ್ರಿ. ಹಡಗ ಮುಟ್ಟಬ್ಯಾಡ್ರಿ."

ಆ ವರ್ಷ ನವರಾತ್ರಿ ಬರುವಷ್ಟರಲ್ಲಿ ರಾಜ್ಯವೇ ಬದಲಾಗಿತ್ತು. ಸರಸ್ವತಿ ಪೂಜೆಗೆ ಮನೆಯ ಪೋಥಿ-ಪುರಾಣಗಳ ಜೊತೆ ಮಣೆಯ ಮೇಲೆ ಸಿನೆಮಾದ ವಹಿಯೂ ಕುಳಿತಿತ್ತು. ಕಾಕು ಹಡಗಿನ ಪುಟ ತೆರೆದು ಮೊದಲ ಕುಂಕುಮ ಅದಕ್ಕೇ ಏರಿಸಿದಳು. ವಹಿ ಈಗ ನನ್ನ ಬಳಿ ಇದೆ. ಲಂಗರು ಇಳಿಸಿದ ಸಾಲಿನ ಮೇಲೆ ಆಕೆಯ ಬೆರಳು ಇನ್ನೂ ಕೆಂಪಗೆ ಕಾಣುತ್ತದೆ.