ಸೋಮನಾಥನ ಕಾನ್ಸರ್ಟಿನಾಕ್ಕೆ ಶ್ರುತಿ ಕೂಡಿದ್ದು

ಜಯನಗರ ನಾಲ್ಕನೇ ಬ್ಲಾಕಿನ ಸೋಮನಾಥನಿಗೆ ದೇವರು ಕೊಟ್ಟ ವರವೆಂದರೆ ಕಣ್ಣು. ಕಾಂಪ್ಲೆಕ್ಸ್ ಹಿಂದಿನ ರಸ್ತೆಯಲ್ಲಿ ಅವನದೊಂದು ಮ್ಯಾಚಿಂಗ್ ಸೆಂಟರ್. ಹೆಂಗಸರು ಸೀರೆ ತಂದು ಕೌಂಟರಿನ ಮೇಲೆ ಹರಡಿದರೆ ಸಾಕು, ಸೂರು ಮುಟ್ಟುವಂತೆ ಜೋಡಿಸಿದ ಬಟ್ಟೆಗಳ ನಡುವಿನಿಂದ ಸರಿಯಾದ ಬ್ಲೌಸ್ ಪೀಸನ್ನೇ ಎಳೆಯುತ್ತಾನೆ. ಟ್ಯೂಬ್‌ಲೈಟ್ ಬೆಳಕನ್ನು ನಂಬುವ ಪೈಕಿ ಅಲ್ಲ. ಎರಡನ್ನೂ ಫುಟ್‌ಪಾತಿಗೆ ಒಯ್ದು ಬಿಸಿಲಲ್ಲಿ ಹಿಡಿದು, "ನೋಡಿ ಮೇಡಂ, ಎಲ್ಲಾದ್ರೂ ವ್ಯತ್ಯಾಸ ಕಾಣ್ತಾ?" ಎನ್ನುತ್ತಾನೆ. ಕಾಣುವುದಿಲ್ಲ.

ಕಿವಿಯ ವಿಷಯಕ್ಕೆ ಬಂದರೆ ಮಾತ್ರ ಮನೆಯಲ್ಲಿ ಅವನಿಗೆ ಮೂರು ಕಾಸಿನ ಬೆಲೆ ಇರಲಿಲ್ಲ. ಹೆಂಡತಿ ಕಮಲಾದೇವಿ ಬನಶಂಕರಿಯ ವಚನ ಗಾಯನ ಬಳಗದ ಮುಖ್ಯ ದನಿ. ಆ ಬಳಗದ ಹಿರಿಯರು ಏಕಾಂತಯ್ಯ. ಬ್ಯಾಂಕಿನಿಂದ ನಿವೃತ್ತರಾದವರು, ಮಾತು ಕಡಿಮೆ. ಅವರ ಹಾರ್ಮೋನಿಯಂ ಇಲ್ಲದೆ ಅಲ್ಲಿ ಯಾರೂ ಬಾಯಿ ತೆರೆದದ್ದೇ ಇಲ್ಲ. ಸೋಮನಾಥನ ಪಾಲಿಗೆ ಬಂದದ್ದು ಮೊದಲು ಜಮಖಾನ ಹಾಸುವುದು, ಕಡೆಗೆ ಪ್ರಸಾದ ಹಂಚುವುದು. ನಡುವೆ ಗೋಡೆಗೊರಗಿ ಕೂತಿರುತ್ತಿದ್ದ. ಆ ಜಮಖಾನದ ಮೇಲೆ ಹೆಂಡತಿಯ ಪಕ್ಕದಲ್ಲಿ ತಾನೂ ಒಂದು ವಾದ್ಯ ಹಿಡಿದು ಕೂರಬೇಕೆಂಬ ಆಸೆ ಮದುವೆಯಾದಾಗಿನಿಂದ ಇತ್ತು. ಯಾರಿಗೂ ಹೇಳಿರಲಿಲ್ಲ ಅಷ್ಟೆ.

ಹೀಗಿರುವಾಗ ಒಂದು ಮಧ್ಯಾಹ್ನ ಅಂಗಡಿಗೆ ಅಂಜನಾ ಎಂಬ ಹಳೆಯ ಗಿರಾಕಿ ಬಂದಳು. ಕೈಯಲ್ಲಿ ಸೀರೆಯ ಬದಲು ಆರು ಮೂಲೆಯ ಮರದ ಪೆಟ್ಟಿಗೆ. ಒಳಗಿನ ನೀಲಿ ಮಖಮಲ್ಲು ಹರಿದಿತ್ತು. ಅದಕ್ಕೆ ಹೊಂದುವ ಬಟ್ಟೆ ಬೇಕಿತ್ತು. ಪೆಟ್ಟಿಗೆಯನ್ನು ಬಳೆ ಇಡಲು ಇಟ್ಟುಕೊಳ್ಳುತ್ತಾಳಂತೆ.

"ಒಳಗಿರೋದೇನು ಮೇಡಂ?"

"ನಮ್ಮ ಮಾವನೋರ್ದು. ಏನೋ ಫಾರಿನ್ ಹಾರ್ಮೋನಿಯಂ ಥರ. ಮನೆ ಖಾಲಿ ಮಾಡ್ತಿದೀವಲ್ಲ, ಅಟ್ಟದ ಮೇಲಿತ್ತು. ಯಾರಿಗಾದ್ರೂ ಕೊಟ್ಬಿಡೋದು."

ಸೋಮನಾಥ ಅದನ್ನು ಮೆಲ್ಲಗೆ ಎತ್ತಿಕೊಂಡ. ಎರಡು ಬದಿಗೂ ಕುಸುರಿ ಕೊರೆದ ಆರು ಮೂಲೆಯ ಮರದ ಹಲಗೆ, ಅವುಗಳ ಮೇಲೆ ಸಣ್ಣ ಸಣ್ಣ ಗುಂಡಿ, ನಡುವೆ ಚರ್ಮದ ತಿದಿ. ಎರಡು ಪಟ್ಟಿಗಳಿಗೆ ಹೆಬ್ಬೆರಳು ತೂರಿಸಿ, ಕೈಗೆ ಸಿಕ್ಕ ಗುಂಡಿ ಒತ್ತಿ ಎಳೆದ. ದಪ್ಪ ಗಂಟಲಿನ ಗಂಡಸೊಬ್ಬ ಹೊಟ್ಟೆ ತುಂಬ ಉಂಡು ಓಂಕಾರ ತೆಗೆದ ಹಾಗೆ ದನಿ ಬಂತು. ಕೌಂಟರಿನ ಮೇಲಿದ್ದ ಕತ್ತರಿ ಗುಂಯ್ ಎಂದಿತು. ಸೋಮನಾಥನಿಗೆ ಮೈ ಜುಮ್ಮೆಂದಿತು.

"ಮೇಡಂ, ಇದನ್ನ ಪೆಟ್ಟಿಗೆ ಸಮೇತ ನಂಗೆ ಬಿಟ್ಬಿಡಿ. ಬಳೆಗೆ ಹೊಸ ಪೆಟ್ಟಿಗೆ ನಾನೇ ಮಾಡಿಸ್ಕೊಡ್ತೀನಿ, ನೀವು ಕೇಳಿದ ಬಣ್ಣದ ಮಖಮಲ್ ಹಾಕ್ಸಿ."

ಅಂಜನಾ ಅವನ ಮುಖ ನೋಡಿ ನಕ್ಕುಬಿಟ್ಟಳು. "ನುಡಿಸೋದಾದ್ರೆ ಇಟ್ಕೊಳಿ. ಸುಮ್ನೆ ಶೋಕೇಸಲ್ಲಿ ಇಡ್ಬೇಡಿ ಮತ್ತೆ."

ಶೋಕೇಸಿನ ಮಾತೆಲ್ಲಿ ಬಂತು! ಅಂದಿನಿಂದ ಮನುಷ್ಯ ಅದನ್ನು ಕೆಳಗಿಡಲೇ ಇಲ್ಲ. ಫೋನಿನಲ್ಲಿ ಹುಡುಕಿ, ಇದು ಬ್ಯಾರಿಟೋನ್ ಕಾನ್ಸರ್ಟಿನಾ, ಇಂಗ್ಲೆಂಡಿನಲ್ಲಿ ಮಾಡಿದ್ದು, ನೂರು ವರ್ಷಕ್ಕೂ ಹಳೆಯದು, ಮಾಮೂಲಿ ಕಾನ್ಸರ್ಟಿನಾಕ್ಕಿಂತ ಒಂದು ಸ್ಥಾಯಿ ಕೆಳಗೆ ನುಡಿಯುವಂಥದ್ದು ಎಂದೆಲ್ಲ ತಿಳಿದುಕೊಂಡ. ನುಡಿಸುವುದು ಒಳ್ಳೆ ಪೀಕಲಾಟ. ಸ ಎಡಗೈಗೆ ಬಂದರೆ ರಿ ಬಲಗೈಗೆ, ಗ ಮತ್ತೆ ಎಡಗೈಗೆ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅಂಗಡಿಯಲ್ಲೇ ಸರಳೆ ನುಡಿಸಿದ. ಪಕ್ಕದ ಟೈಲರ್ ಹುಲಿಗೆವ್ವ, "ಯಣ್ಣಾ, ಎಮ್ಮೆ ಕಟ್ಟಿದೀಯೇನು ಒಳಗ?" ಎಂದು ಕೇಳಿದಳು. ಇವನು ಜಗ್ಗಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಕಮಲಾದೇವಿ ತನ್ನಷ್ಟಕ್ಕೆ ವಚನವೊಂದನ್ನು ಗುನುಗುತ್ತಿದ್ದಳು. ಹಾಲ್‌ನಲ್ಲಿ ಕೂತಿದ್ದ ಸೋಮನಾಥ ಮಂದ್ರದ ಒಂದು ಸ್ವರ ಹಿಡಿದು ಮೆಲ್ಲನೆ ತಿದಿ ಎಳೆದ. ಅವಳ ದನಿ ಒಂದು ಗಳಿಗೆ ಕಾದು, ಆ ಸ್ವರದ ಮೇಲೇ ಬಂದು ಕೂತಿತು. ವಚನ ಮುಗಿಯುವವರೆಗೆ ಇಬ್ಬರೂ ಬಿಡಲಿಲ್ಲ. ಅವಳು ಸೌಟು ಹಿಡಿದುಕೊಂಡೇ ಹೊರಬಂದಳು.

"ರೀ, ನೀವೇನಾ ಇದು? ಬಸವ ಜಯಂತಿಗೆ ಗಿರಿನಗರದಲ್ಲಿ ಹಾಡ್ತಿದೀವಿ. ನಮ್ಮ ಜೊತೆ ಕೂತ್ಕೊಳಿ!"

ಸೋಮನಾಥ ಹಿಗ್ಗಿ ಹೀರೇಕಾಯಿಯಾದ. ಆದರೆ ಆ ಹಿಗ್ಗು ಏಕಾಂತಯ್ಯನವರ ಮನೆಯ ಪ್ರಾಕ್ಟೀಸಿನವರೆಗೆ ಮಾತ್ರ ಉಳಿಯಿತು. ಅವರು ಹಾರ್ಮೋನಿಯಂ ಮೇಲೆ ಷಡ್ಜ ಹಿಡಿದರು, ಇವನೂ ಹಿಡಿದ. ಎರಡೂ ಸೇರಿ ಅಪಸ್ವರವೋ ಅಪಸ್ವರ. ಯಾವ ಗುಂಡಿ ಒತ್ತಿದರೂ ಅದೇ ಗತಿ. ಹಾಡುವವರೆಲ್ಲ ಮುಖ ಹಿಂಡಿಕೊಂಡರು.

"ಸೋಮಣ್ಣ, ಇದು ಶ್ರುತೀಲಿಲ್ಲ," ಎಂದರು ಏಕಾಂತಯ್ಯ. "ಸರಿ ಮಾಡಿಸ್ಕೊಂಡು ಬಾ. ಇಲ್ಲಾಂದ್ರೆ ಬೇಡ ಬಿಡು."

ಮರುದಿನವೇ ಅವನು ಬನಶಂಕರಿ ಎರಡನೇ ಹಂತದಲ್ಲಿ ಹಾರ್ಮೋನಿಯಂ ರಿಪೇರಿ ಮಾಡುವ ತಿರುಮಲೇಶನ ಬಳಿ ಹೋದ. ಆತ ಫೋನಿನ ಟ್ಯೂನರ್ ಮುಂದೆ ಒಂದೊಂದೇ ಸ್ವರ ನುಡಿಸಿ ನೋಡಿದ.

"ಸಾರ್, ಇದು ತನ್ನೊಳಗೆ ತಾನು ಕರೆಕ್ಟಾಗೇ ಇದೆ. ಆದ್ರೆ ಪೂರ್ತಿ ಸ್ವಲ್ಪ ಮೇಲಕ್ಕಿದೆ. ಆ ಕಾಲದಲ್ಲಿ ಹಂಗೇ ಇಡ್ತಿದ್ರೋ ಏನೋ. ಹಾರ್ಮೋನಿಯಂನ ಎರಡು ಕೀಗಳ ಮಧ್ಯೆ ಬಂದು ಕೂತಿದೆ, ಎಲ್ಲೂ ಸೇರಲ್ಲ. ಕೆಳಗಿಳಿಸ್ಬೇಕು ಅಂದ್ರೆ ಒಳಗೆ ದನಿ ಕೊಡೋ ಒಂದೊಂದು ರೀಡಿಗೂ ಅರ ಹಾಕಿ ಉಜ್ಬೇಕು."

"ಉಜ್ಜಿದ್ಮೇಲೂ ಇದೇ ದನಿ ಇರುತ್ತಾ?"

"ಗ್ಯಾರಂಟಿ ಕೊಡಕ್ಕಾಗಲ್ಲ ಸಾರ್. ಒಂದ್ಸಲ ಉಜ್ಜಿದ್ಮೇಲೆ ಮೊದಲಿನ ಥರ ಮಾಡಕ್ಕಂತೂ ಆಗಲ್ಲ."

ಆ ದನಿ ಹೋಗಬಹುದೆಂದರೆ ಸೋಮನಾಥನಿಗೆ ಸಂಕಟ. ಜಮಖಾನದ ಮೇಲಿನ ಜಾಗ ಕೈಗೆ ಬಂದು ತಪ್ಪಿತೆಂದರೆ ಅದೂ ಸಂಕಟ. ಕೊನೆಗೆ, "ಮಾಡ್ಬಿಡಿ," ಎಂದು ಹೇಳಿ, ತಿರುಗಿ ನೋಡದೆ ಅಂಗಡಿಗೆ ಬಂದ.

ಅಂಗಡಿಯಲ್ಲಿ ಒಬ್ಬ ಹುಡುಗಿ ಕಾಯುತ್ತಿದ್ದಳು. ಅಜ್ಜಿಯ ಕಾಲದ ಬದನೆಕಾಯಿ ಬಣ್ಣದ ರೇಷ್ಮೆ ಸೀರೆ ತಂದಿದ್ದಳು. ಅವಳಿಗೆ ಹಿಡಿಸಿದ ಪೀಸಿನ ಬಣ್ಣ ಸೀರೆಗೆ ಕೂದಲೆಳೆಯಷ್ಟರಲ್ಲಿ ಹೊಂದುತ್ತಿರಲಿಲ್ಲ.

"ಅಂಕಲ್, ಈ ಪೀಸ್ ಸಖತ್ತಾಗಿದೆ. ಸೀರೆನೇ ಡೈ ಮಾಡ್ಸಿಬಿಟ್ರೆ?"

ಸೋಮನಾಥನಿಗೆ ಎಲ್ಲಿತ್ತೋ ಸಿಟ್ಟು. "ಏನಮ್ಮಾ ನೀನು! ಅಜ್ಜಿ ಸೀರೆಗೆ ಯಾರಾದ್ರೂ ಬಣ್ಣ ಹಾಕ್ತಾರಾ? ಸೀರೆ ಇದ್ದಂಗೆ ಇರ್ಬೇಕು. ಪೀಸ್ ಎಷ್ಟು ಬೇಕಾದ್ರೂ ಹುಡುಕೋಣ, ಅದು ತಾನೇ ಸೀರೆಗೆ ಹೊಂದ್ಕೋಬೇ..."

ಮಾತು ಅಲ್ಲೇ ನಿಂತಿತು. ದಿನಕ್ಕೆ ಹತ್ತು ಜನಕ್ಕೆ ಹೇಳುವ ಮಾತು, ತನ್ನ ಕಾನ್ಸರ್ಟಿನಾದ ವಿಷಯದಲ್ಲಿ ತನಗೇ ಹೊಳೆದಿರಲಿಲ್ಲ! ಕಮಲಾ ಅಡುಗೆಮನೆಯಲ್ಲಿ ಹಾಡಿದ್ದು ಯಾವ ಹಾರ್ಮೋನಿಯಂ ನೆಚ್ಚಿಕೊಂಡು? ಹಾಡುವವರಿಗೇನು, ಶ್ರುತಿ ಎಲ್ಲಿಟ್ಟರೆ ಅಲ್ಲಿಂದ ಹಾಡುತ್ತಾರೆ. ಅವನು ತಿರುಮಲೇಶನಿಗೆ ಫೋನ್ ಮಾಡಿದ. ರಿಂಗ್ ಆಯಿತು, ಎತ್ತಲಿಲ್ಲ. ಇನ್ನೊಮ್ಮೆ ಮಾಡಿದ. ಎತ್ತಲಿಲ್ಲ.

"ಒಂಚೂರು ಅಂಗಡಿ ನೋಡ್ಕೊಳಮ್ಮ, ಬಂದೆ!" ಎಂದು ಆ ಹುಡುಗಿಗೇ ಹೇಳಿ ಸ್ಕೂಟರ್ ಹತ್ತಿದ. ಬನಶಂಕರಿ ಬಸ್ ನಿಲ್ದಾಣದ ಸಿಗ್ನಲ್ಲಿನಲ್ಲಿ ಗಾಡಿಗಳು ಅಲುಗಾಡುತ್ತಿರಲಿಲ್ಲ. ಹಾರ್ನ್ ಮಾಡಿದ, ಆಟೋದವನ ಹತ್ತಿರ ಬೈಸಿಕೊಂಡ, ಕೊನೆಗೆ ಸ್ಕೂಟರನ್ನು ಫುಟ್‌ಪಾತಿನ ಪಕ್ಕ ಬಿಟ್ಟು ಓಡಿದ. ಐವತ್ತು ದಾಟಿದ ಮನುಷ್ಯ ಏದುಸಿರು ಬಿಡುತ್ತ ಒಳಗೆ ನುಗ್ಗಿದಾಗ ಮೇಜಿನ ಮೇಲೆ ಕಾನ್ಸರ್ಟಿನಾದ ಒಂದು ಬದಿ ಬಿಚ್ಚಿತ್ತು. ಅದರ ಪಕ್ಕದಲ್ಲೇ ಅರ ಇತ್ತು.

"ಉಜ್ಜಿಬಿಟ್ರಾ?"

"ಎಲ್ಲಿ ಸಾರ್! ಫೋಟೋ ತೆಗೀತಾ ಇದ್ದೆ. ರೀಡ್ ಜೋಡಿಸಿರೋದು ನೋಡಿ, ರಂಗೋಲಿ ಥರ ಇದೆ. ನೀವೇ ಫೋನ್ ಮಾಡ್ತಿದ್ರಾ? ಫೋಟೋ ಅಲ್ಲಾಡ್ತು ಅಂತ ಕಟ್ ಮಾಡ್ದೆ."

ಸೋಮನಾಥ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಸಿದು ಕೂತು, ಹುಚ್ಚನಂತೆ ನಕ್ಕ. ಬಿಚ್ಚಿದ ಬದಿಯನ್ನು ಇದ್ದಂತೆಯೇ ಮುಚ್ಚಿಸಿಕೊಂಡು ಹೊರಟ.

ಆದರೆ ನಿಜವಾದ ಕಷ್ಟ ಸಂಜೆಯ ಪ್ರಾಕ್ಟೀಸಿನಲ್ಲಿತ್ತು. ಈ ವಾದ್ಯ ಕೂಟಕ್ಕೆ ಬರಬೇಕೆಂದರೆ ಹಾರ್ಮೋನಿಯಂ ಮುಚ್ಚಬೇಕು. ಏಕಾಂತಯ್ಯನವರ ಮುಂದೆ ಆ ಮಾತನ್ನು ಎತ್ತುವುದು ಹೇಗೆ? ಸೋಮನಾಥ ತೊದಲುತ್ತಾ ವಿಷಯ ಹೇಳಿದ. ಹಿರಿಯರ ಮುಖ ಸಣ್ಣದಾಯಿತು.

"ಅಂದ್ರೆ ನನ್ನ ಪೆಟ್ಟಿಗೆ ಬೇಡ ಅಂತೀಯಾ?"

"ಬೇಡ ಅಂತಲ್ಲ ಅಯ್ನೋರೇ. ಒಂದೇ ಒಂದು ವಚನಕ್ಕೆ. ಆಮೇಲೆಲ್ಲ ನಿಮ್ದೇ."

ಕಮಲಾದೇವಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ಹತ್ತಿರ ಎಳೆದುಕೊಂಡು, ಗಂಡನ ಸ್ವರಕ್ಕೆ ಸರಿಹೋಗುವವರೆಗೆ ಅದರ ತಿರುಪು ತಿರುಗಿಸಿದಳು. ಎರಡೂ ಕೂಡಿದ ಕ್ಷಣ ಕೂಟದಲ್ಲಿದ್ದವರೆಲ್ಲ ತಲೆಯೆತ್ತಿದರು. ಏಕಾಂತಯ್ಯ ಹಾರ್ಮೋನಿಯಂ ಮುಚ್ಚಿ, ಗವಸು ಹಾಕಿ, ಒಳಗೆ ಎದ್ದುಹೋದರು. ಸೋಮನಾಥನಿಗೆ ಅಂದು ಊಟ ಸೇರಲಿಲ್ಲ. ಬಸವ ಜಯಂತಿಗೆ ಏಕಾಂತಯ್ಯ ಬರದೇ ಇದ್ದರೆ ತಾನು ಗೋಡೆಯ ಪಕ್ಕಕ್ಕೇ ವಾಪಸ್ಸು ಎಂದು ಹೆಂಡತಿಗೆ ಹೇಳಿಬಿಟ್ಟ.

ಬಸವ ಜಯಂತಿಯ ದಿನ ಗಿರಿನಗರದ ಸಭಾಂಗಣ ತುಂಬಿತ್ತು. ಏಕಾಂತಯ್ಯ ಬಂದರು, ಹಾರ್ಮೋನಿಯಂ ಸಮೇತ. ಅದನ್ನು ಪಕ್ಕಕ್ಕಿಟ್ಟು, ಖಾಲಿ ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡರು. "ಮೊದಲನೇದು ನಿಂದು. ಹೂಂ, ಶುರು ಮಾಡು," ಎಂದರು, ಮುಖ ನೋಡದೆ.

ಸೋಮನಾಥ ಹೆಂಡತಿಯ ಪಕ್ಕದಲ್ಲಿ, ಜಮಖಾನದ ನಟ್ಟನಡುವೆ ಕೂತು ತಿದಿ ಎಳೆದ. ಆ ದಪ್ಪ ದನಿ ಸಭಾಂಗಣದ ಕೊನೆಯ ಸಾಲಿನವರೆಗೂ ಹೋಯಿತು. ಕಮಲಾದೇವಿ ಎತ್ತಿಕೊಂಡಳು, ಉಳಿದವರು ಕೂಡಿಕೊಂಡರು. ಎರಡನೇ ಸಾಲಿಗೆ ಬರುವಷ್ಟರಲ್ಲಿ ಯಾರೂ ಹಿಂದೆಂದೂ ಕೇಳಿರದ ಗಂಡುದನಿಯೊಂದು ಒಳಸೇರಿತು. ಮೊದಲು ನಡುಗಿತು, ಒಂದೆಡೆ ಒಡೆಯಿತು, ಆಮೇಲೆ ಕಾನ್ಸರ್ಟಿನಾದ ಮಂದ್ರವನ್ನು ಹಿಡಿದು ಗಟ್ಟಿಯಾಯಿತು. ಸೋಮನಾಥ ಓರೆಗಣ್ಣಿನಲ್ಲಿ ನೋಡಿದ. ಏಕಾಂತಯ್ಯ ಕಣ್ಣು ಮುಚ್ಚಿ ಹಾಡುತ್ತಿದ್ದರು. ಇಷ್ಟು ವರ್ಷ ಎಲ್ಲರಿಗೂ ಶ್ರುತಿ ಕೊಡುತ್ತ ಕೂತಿದ್ದ ಮನುಷ್ಯನಿಗೆ ಹಾಡಲು ಬಿಡುವೇ ಸಿಕ್ಕಿರಲಿಲ್ಲ.

ವಚನ ಮುಗಿಯಿತು. ಚಪ್ಪಾಳೆ ಬಿತ್ತು. ಸೋಮನಾಥ ಕೊಟ್ಟ ಮಾತಿನಂತೆ ಕಾನ್ಸರ್ಟಿನಾವನ್ನು ಮಡಚಿ, ಹಾರ್ಮೋನಿಯಂ ಅನ್ನು ಅವರ ಮುಂದಕ್ಕೆ ಸರಿಸಲು ಕೈ ಚಾಚಿದ. ಏಕಾಂತಯ್ಯ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಅವರ ಕಣ್ಣು ತುಂಬಿತ್ತು.

"ಅದು ಅಲ್ಲೇ ಇರ್ಲಿ ಕಣೋ," ಎಂದರು. "ನೀನು ಎಳಿ. ನಾನಿನ್ನೂ ಹಾಡ್ಬೇಕು."