ಎದೆಯ ನೀರಿಗೆ ಕಳ್ಳ ಕುಬಸ

ಎರಡನೆಯ ರೊಟ್ಟಿ ಬಡಿಯುವಷ್ಟರಲ್ಲಿ ಉಸಿರು ಸಾಲದಾಯಿತು. ಕೈ ನಿಲ್ಲಿಸಿ ಒಲೆಯ ಮುಂದೆ ಬಾಗಿ ಕುಳಿತೆ.

ರವಿವಾರ ಪೇಟೆಯ ನಮ್ಮ ಮನೆಯಲ್ಲಿ, ಅತ್ತೆ ಎಲ್ಲಿ ಕುಳಿತಿದ್ದರೂ ಅವರ ಕಿವಿ ರೊಟ್ಟಿಯ ಸಪ್ಪಳದ ಮೇಲೆಯೇ. ಸಪ್ಪಳ ನಿಂತರೆ ಸೊಸೆ ಮೈಗಳ್ಳಿ ಎಂದು ಲೆಕ್ಕ. ಪಡಸಾಲೆಯಿಂದಲೇ ಕೇಳಿದರು.

"ಯಾಕ ಶಾಂತಾ, ಕೈ ನಿಂತ್ವು?"

"ದಣಿವಾಗೇತ್ರಿ ಅತ್ತಿ."

ಎದ್ದು ಬಂದರು. ನನ್ನ ಮುಖ ನೋಡಿದರು, ಆಮೇಲೆ ಹೊಟ್ಟೆ ನೋಡಿದರು. ಮುಖ ಬಾಡಿತ್ತು, ಹೊಟ್ಟೆ ಎದ್ದಿತ್ತು. ಎರಡು ತಿಂಗಳಿಂದ ಮುಟ್ಟು ನಿಂತಿತ್ತು. ಅತ್ತೆ ಹಿಟ್ಟು ತಮ್ಮ ಕಡೆ ಎಳೆದುಕೊಂಡು ಉಳಿದ ರೊಟ್ಟಿಗಳನ್ನು ತಾವೇ ಬಡಿದರು. ನಾನು ಆ ಮನೆಗೆ ಬಂದು ಮೂರು ವರ್ಷವಾಗಿತ್ತು. ಅಂಥ ಕರುಣೆ ಅದೇ ಮೊದಲು ಕಂಡದ್ದು.

ನನಗೂ ಅದೇ ಬೇಕಾಗಿತ್ತು, ಸುಳ್ಳು ಯಾಕೆ ಹೇಳಲಿ. ಮೂರು ವರ್ಷ "ಏನರ ಸುದ್ದಿ?" ಎಂದು ಕೇಳಿಸಿಕೊಂಡವಳು ನಾನು. ಸಂಜೆಗೊಮ್ಮೆ ಮೈ ಬೆಚ್ಚಗಾಗುತ್ತಿತ್ತು, ಅದನ್ನೂ ಬಸುರಿನ ಲೆಕ್ಕಕ್ಕೆ ಹಾಕಿದೆ. ಊಟ ಸೇರುತ್ತಿರಲಿಲ್ಲ, ಅದೂ ಬಸುರಿಗೆ. ಕಾಲು ಬಾತವು. ಅಂಗಾತ ಮಲಗಿದರೆ ಎದೆಯ ಮೇಲೆ ಯಾರೋ ಕುಳಿತಂತಾಗುತ್ತಿತ್ತು. ಚೊಚ್ಚಲ ಬಸುರಿಗೆ ಏನೆಲ್ಲ ಆಗುತ್ತದೆ ಎಂಬುದು ನನಗೇನು ಗೊತ್ತು? ಹೇಳುವವರೆಲ್ಲ ಇದೆಲ್ಲ ಆಗುತ್ತದೆ ಎಂದೇ ಹೇಳಿದರು. ಡಾಕ್ಟರಿಗೆ ತೋರಿಸೋಣವೇ ಎಂದು ನಮ್ಮ ಯಜಮಾನರು ಒಮ್ಮೆ ಕೇಳಿದ್ದಕ್ಕೆ ಅತ್ತೆ, "ಬಸರಾದಾಕಿನ್ನ ದವಾಖಾನಿಗೆ ಒಯ್ಯಾಕ ಅದೇನ ಜಡ್ಡೇನು?" ಎಂದು ಬಾಯಿ ಮುಚ್ಚಿಸಿದರು.

ನಮ್ಮ ಕಡೆ ಮೂರನೆಯ ತಿಂಗಳಲ್ಲಿ ಕಳ್ಳ ಕುಬಸ ಮಾಡುತ್ತಾರೆ. ಊರಿಗೆಲ್ಲ ಹೇಳಿ ಮಾಡುವ ದೊಡ್ಡ ಕುಬಸಕ್ಕೆ ಮೊದಲು, ಕಣ್ಣು ಬೀಳದಿರಲಿ ಎಂದು ನಾಲ್ಕು ಮಂದಿ ಹೆಂಗಸರನ್ನಷ್ಟೇ ಕರೆದು ಬಸುರಿಗೆ ಹಸಿರು ಬಳೆ ಇಡಿಸಿ, ಕುಪ್ಪಸದ ಬಟ್ಟೆ ಕೊಟ್ಟು, ಉಡಿ ತುಂಬುವ ಶಾಸ್ತ್ರ. ಖಾನಾಪುರದಿಂದ ನಮ್ಮವ್ವ ಬಂದಳು. ಮಗ್ಗಲ ಮನೆಯ ಇಂದುಮಾವಶಿ ಬಂದರು. ಮರಾಠಿ ಮಾತಾಡುವ ಮನೆಯವರಾದರೂ ನಮ್ಮ ಮನೆಯ ಶಾಸ್ತ್ರಕ್ಕೆಲ್ಲ ಅವರೇ ಮುಂದು. ಅವರದೊಂದು ಕೂಸು ಐದು ತಿಂಗಳಿಗೆ ಹೊಟ್ಟೆಯಲ್ಲೇ ಹೋಗಿತ್ತು. ಅದಕ್ಕೇ ಉಡಿ ತುಂಬಲು ಮಾತ್ರ ಹಿಂದೆ ಸರಿಯುತ್ತಿದ್ದರು. ನಾನೇ ಕೈ ಹಿಡಿದು ತುಂಬಿಸಿಕೊಂಡೆ.

ಮಣೆಯ ಮೇಲೆ ಕುಳಿತವಳು ಮುಂದಕ್ಕೆ ಬಾಗಿಯೇ ಇದ್ದೆ. ಬಾಗಿದರೆ ಮಾತ್ರ ಉಸಿರು ಆಡುತ್ತಿತ್ತು.

"ನೋಡ್ರಿ, ಹೆಂಗ ನಾಚ್ತಾಳ," ಎಂದಳು ಒಬ್ಬಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆರತಿ ಆದ ಮೇಲೆ ಎದ್ದೆ. ನೆಲ ಎಲ್ಲಿದೆ ಎಂದು ಗೊತ್ತಾಗಲಿಲ್ಲ.

ಕಣ್ಣು ಬಿಟ್ಟಾಗ ಆಸ್ಪತ್ರೆಯ ಕಾಟಿನ ಮೇಲಿದ್ದೆ. ಎತ್ತಿ ಮಲಗಿಸುವಾಗ ಉಡಿ ಬಿಚ್ಚಿ ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲು ಎಲ್ಲ ಕ್ಯಾಜುವಾಲ್ಟಿಯ ನೆಲದ ಮೇಲೆ ಚೆಲ್ಲಿದ್ದವು. ನಮ್ಮವ್ವ ಕುಕ್ಕರಗಾಲಿನಲ್ಲಿ ಕುಳಿತು, ಬರಹೋಗುವವರ ಚಪ್ಪಲಿಗಳ ನಡುವೆ ಒಂದೊಂದೇ ಕಾಳು ಆರಿಸುತ್ತಿದ್ದಳು.

ಡಾಕ್ಟರು ನಡುವಯಸ್ಸಿನವರು. ಮೊದಲು ನನ್ನ ಕುತ್ತಿಗೆಯ ಉಬ್ಬಿದ ನರಗಳನ್ನು ನೋಡಿದರು. ಬಿ.ಪಿ. ನೋಡಿ ಹುಬ್ಬು ಗಂಟಿಕ್ಕಿದರು. ಎದೆಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಆಲಿಸಿದರು. ಆಮೇಲೆ ಮಣಿಕಟ್ಟಿನಲ್ಲಿ ಹಸಿರು ಬಳೆಗಳನ್ನು ಮೇಲಕ್ಕೆ ಸರಿಸಿ ನಾಡಿ ಹಿಡಿದರು.

"ಉಸಿರು ಒಳಗ ಎಳ್ಕೋ ತಂಗಿ. ಇನ್ನೊಮ್ಮಿ." ಬಾಜು ನಿಂತ ಹುಡುಗ ಡಾಕ್ಟರಿಗೆ ಹೇಳಿದರು, "ನೋಡು, ಉಸಿರು ಎಳಕೊಂಡ ಕೂಡ್ಲೆ ನಾಡಿ ಸಿಗವಲ್ದು."

ಎಕ್ಸ್-ರೇಗೆ ಮೊದಲು ಲೇಡಿ ಡಾಕ್ಟರನ್ನು ಕರೆಸಿದರು. ಆಕೆ ಪರದೆ ಎಳೆದು ಪರೀಕ್ಷೆ ಮಾಡಿ, ಕೈ ತೊಳೆದುಕೊಂಡು, ಪರದೆಯ ಆಚೆ ನಿಂತ ಎಲ್ಲರಿಗೂ ಕೇಳುವಂತೆ ಹೇಳಿದರು.

"ಬಸಿರಿಲ್ಲ."

ಅಷ್ಟೇ. ಕಾಯಿಲೆಯ ಚಿಂತೆಗಿಂತ ಮೊದಲು ನನಗೆ ಬಂದದ್ದು ನಾಚಿಕೆ. ಪರದೆಯ ಕೆಳಗೆ ಅತ್ತೆಯ ಕಾಲು ಕಾಣುತ್ತಿದ್ದವು. ಅವು ಅಲುಗಾಡಲಿಲ್ಲ. ಸೆರಗಿನಿಂದ ಬಳೆ ಮುಚ್ಚಿಕೊಂಡೆ. ಸಾಯುವ ಹೊತ್ತಿನಲ್ಲೂ ಹೆಂಗಸಿಗೆ ಬಳೆಯ ಚಿಂತೆ ಎಂದು ಈಗ ನಗು ಬರುತ್ತದೆ, ಆಗ ಬಂದಿರಲಿಲ್ಲ.

ಎಕ್ಸ್-ರೇಯಲ್ಲಿ ಹೃದಯ ನೀರಿನ ಕೊಡದಷ್ಟು ಅಗಲವಾಗಿ ಕಂಡಿತಂತೆ. ಡಾಕ್ಟರು ಯಜಮಾನರಿಗೆ ತಿಳಿಸಿ ಹೇಳಿದರು.

"ಹೃದಯದ ಸುತ್ತ ಒಂದು ಚೀಲ ಇರ್ತದ. ಅದರಾಗ ನೀರು ತುಂಬ್ಯಾವ. ಹೊರಗಿಂದ ಒತ್ತಿ ಹಿಡಿದಾವ, ಹೃದಯಕ್ಕ ಹಿಗ್ಗಾಕ ಜಾಗಾ ಇಲ್ಲ. ಅದಕ್ಕ ಹೊಟ್ಟಿ ಬಾತದ್ದು, ಕಾಲು ಬಾತದ್ದು. ಕಾರ್ಡಿಯಾಕ್ ಟ್ಯಾಂಪೊನೇಡ್ ಅಂತೀವಿ. ಈಗಿಂದೀಗ ತಗೀಬೇಕು. ಇಲ್ಲಂದ್ರ ಉಳ್ಯೂದಿಲ್ಲ."

ನನ್ನನ್ನು ಅರ್ಧ ಕೂರಿಸಿ ಎದೆಯ ಮೂಳೆಯ ಕೆಳಗೆ ಮದ್ದು ಹಚ್ಚಿದರು. ಕೊರಳಿಂದ ಇಳಿಬಿದ್ದು ಸೂಜಿಗೆ ಅಡ್ಡವಾಗಿದ್ದ ಇಷ್ಟಲಿಂಗವನ್ನು ತೆಗೆಯಿರಿ ಎಂದಳು ನರ್ಸ್. ಮೈಮೇಲಿಂದ ಲಿಂಗ ತೆಗೆಯುವುದು ನಮ್ಮಲ್ಲಿ ಆಗದ ಮಾತು. ಅತ್ತೆ ಮುಂದೆ ಬಂದು, ಶಿವದಾರ ಬಿಚ್ಚದೆಯೇ ಲಿಂಗವನ್ನು ಬಾಜು ಸರಿಸಿ, ನನ್ನ ಎಡ ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚಿದರು. ಆ ಮುಷ್ಟಿಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದರು. ನನ್ನ ಮುಖ ಮಾತ್ರ ನೋಡಲಿಲ್ಲ.

ಉದ್ದನೆಯ ಸೂಜಿ ಒಳಗೆ ಹೋಯಿತು. ಕೋಕಂ ಸಾರಿನ ಕೆಂಪು ಬಣ್ಣದ ನೀರು ಸಿರಿಂಜಿಗೆ ಬಂತು. ಮತ್ತೊಂದು ಸಿರಿಂಜು. ಮತ್ತೊಂದು. ನೋವಿತ್ತು. ಆದರೆ ಎಷ್ಟೋ ವಾರಗಳ ಮೇಲೆ ಪೂರ್ತಿ ಒಂದು ಉಸಿರು ಒಳಗೆ ಇಳಿಯಿತು. ಉಸಿರಾಡುವುದು ಇಷ್ಟು ರುಚಿಯ ವಿಷಯ ಎಂದು ಯಾರೂ ನನಗೆ ಹೇಳಿರಲಿಲ್ಲ.

ನೀರು ತುಂಬಲು ಕಾರಣ ಹಲವು ಇರಬಹುದು, ಪೆಟ್ಟು, ಕಿಡ್ನಿ, ಕ್ಯಾನ್ಸರ್ ಎಂದಿದ್ದರು ಡಾಕ್ಟರು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ನನ್ನದು ಟಿ.ಬಿ., ಸಂಜೆಯ ಮೈಬಿಸಿಗೂ ಮುಟ್ಟು ನಿಂತದ್ದಕ್ಕೂ ಅದೇ ಕಾರಣ ಎಂದರು.

ಟಿ.ಬಿ.

"ಹೃದಯದ ಚೀಲಕ್ಕ ಆಗಿದ್ದು, ಶ್ವಾಸಕೋಶದಾಗ ಇಲ್ಲ. ಕೆಮ್ಮಿಲ್ಲ, ಮಂದಿಗೆ ಹತ್ತೂದಿಲ್ಲ," ಎಂದು ಡಾಕ್ಟರು ಮೂರು ಸಲ ಹೇಳಿದರು. ಕೇಳಿಸಿಕೊಂಡವರು ಯಾರು? ಬಾಗಿಲ ಬಳಿ ಅತ್ತೆ ನಮ್ಮವ್ವನಿಗೆ ಹೇಳಿದ್ದು ನನಗೆ ಕೇಳಿಸಿತು.

"ಬೀಗತಿ, ಮನ್ಯಾಗ ನನ್ನ ಮಗಳ ಮದುವಿ ಉಳದೈತಿ. ಈ ಜಡ್ಡಿನ ಹೆಸರು ಹೊರಗ ಬಿದ್ರ ಯಾರೂ ಹೊಸ್ತಿಲಾ ತುಳ್ಯೂದಿಲ್ಲ. ಕೂಸು ಹೋತು ಅಂತ ಹೇಳೂಣು."

"ಹೂಂ," ಎಂದಳು ನಮ್ಮವ್ವ. ಮಗಳು ಮರಳಿ ಆ ಮನೆ ಸೇರಬೇಕೆಂದರೆ ಬೇರೆ ಏನು ಅಂದಾಳು?

ಗುಣವಾಗುವ ತನಕ ಖಾನಾಪುರಕ್ಕೆ ಕಳಿಸಿದರು. ಮೊದಲ ತಿಂಗಳುಗಳಲ್ಲಿ ದಿನಾ ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್, ಜೊತೆಗೆ ಹಿಡಿ ತುಂಬ ಮಾತ್ರೆ. ಮೂತ್ರ ಕೆಂಪಗೆ ಬಂದು ಹೆದರಿದೆ, ಅದು ಔಷಧದ ಬಣ್ಣವಂತೆ. ನಮ್ಮವ್ವ ನನ್ನ ಲೋಟಕ್ಕೆ ಗುರುತಿಗೆ ದಾರ ಕಟ್ಟಿದ್ದಳು. ಕಟ್ಟಿ, ಅದರ ಮುಂದೆಯೇ ಅತ್ತಿದ್ದಳು. ಯಜಮಾನರು ಅಂಗಡಿ ಬಂದ್ ಇದ್ದ ದಿನ ರೈಲಿಗೆ ಬಂದು ಪಕ್ಕದಲ್ಲಿ ಕುಳಿತು, ಆ ದಾರದ ಲೋಟದಲ್ಲೇ ನೀರು ಕುಡಿದು ಹೋಗುತ್ತಿದ್ದರು. ಬರುವುದಂತೂ ಬಿಡಲಿಲ್ಲ. ಆದರೂ ಪ್ರತಿ ಸಲ ಅವರು ಹೋದ ಮೇಲೆ, ಕೊನೆಗೆ ಕರೆದುಕೊಂಡು ಹೋಗುತ್ತಾರೋ ಇಲ್ಲವೋ ಎಂದು ಯೋಚಿಸುತ್ತಿದ್ದೆ.

ಕರೆದುಕೊಂಡು ಹೋದರು. ಅತ್ತೆ ಮನೆಯೊಳಗೆ ಸೇರಿಸಿದರು, ಅಡಿಗೆಮನೆಗೆ ಸೇರಿಸಲಿಲ್ಲ. "ಇನ್ನಾ ದಣದಿ, ಕುಂದರ," ಎನ್ನುತ್ತಿದ್ದರು. ಹಿಟ್ಟು ಮುಟ್ಟಗೊಡಲಿಲ್ಲ. ಪಡಸಾಲೆಯಲ್ಲಿ ಕುಳಿತು ಅವರ ರೊಟ್ಟಿಯ ಸಪ್ಪಳ ಕೇಳುವುದು ಈಗ ನನ್ನ ಪಾಳಿ.

ಓಣಿಯ ಹೆಂಗಸರು ಸಮಾಧಾನ ಹೇಳಲು ಬಂದರು. "ಮುಂದಿನ ವರ್ಷ ಆಗತೈತಿ ತಗೋ," ಎನ್ನುವರು. ಇಲ್ಲದ ಕೂಸಿಗೆ ತಲೆ ತಗ್ಗಿಸಿ ಕುಳಿತು ಸಮಾಧಾನ ಮಾಡಿಸಿಕೊಂಡೆ. ಟಿ.ಬಿ.ಗೂ ನಾನು ಅಷ್ಟು ನಾಚಿರಲಿಲ್ಲ.

ಕೊನೆಗೆ ಇಂದುಮಾವಶಿ ಬಂದರು. ಅತ್ತೆ ಚಹಾ ಕೊಟ್ಟು ಒಳಗೆ ರೊಟ್ಟಿಗೆ ಕುಳಿತರು. ಮಾವಶಿ ಚಹಾದ ಕಪ್ಪನ್ನು ಕೈಯಲ್ಲಿ ಹಿಡಿದು ಅಳಲು ಶುರು ಮಾಡಿದರು.

"ನನ್ನ ಕೈ ಉಡಿ ತುಂಬಬಾರ್ದಾಗಿತ್ತು ಪೋರಿ. ನನ್ನ ಕೈಗುಣದಿಂದ ನಿನ್ನ ಕೂಸ ಹೋತು."

ಅದನ್ನು ಮಾತ್ರ ತಡೆದುಕೊಳ್ಳಲು ಆಗಲಿಲ್ಲ.

"ಮಾವಶಿ, ಕೂಸ ಇರಲೇ ಇಲ್ರಿ. ಎದ್ಯಾಗ ನೀರು ತುಂಬಿತ್ತು. ಟಿ.ಬಿ. ಆಗಿತ್ತು ನನಗ."

ಒಳಗೆ ರೊಟ್ಟಿಯ ಸಪ್ಪಳ ನಿಂತಿತು.

ಮಾವಶಿ ನನ್ನನ್ನು ನೋಡಿದರು, ಕಪ್ಪನ್ನು ನೋಡಿದರು. ಸೆರಗಿನಿಂದ ಮೂಗು ಒರೆಸಿಕೊಂಡರು.

"ಖರೇ?"

"ಖರೇರಿ."

"ಹಂಗಾರ ನಾ ಇಷ್ಟ್ ದಿನ ಅತ್ತಿದ್ದು ನನ್ನ ಕೂಸಿಗೇ ಆತು ಬಿಡ." ಚಹಾ ಆರಿತ್ತು. ಪೂರ್ತಿ ಕುಡಿದು, ಕಪ್ಪು ಕೆಳಗಿಟ್ಟು, ನನ್ನ ತಲೆಯ ಮೇಲೊಮ್ಮೆ ಕೈ ಇಟ್ಟು ಹೋದರು.

ನಾನು ಎದ್ದು ಅಡಿಗೆಮನೆಯ ಬಾಗಿಲಲ್ಲಿ ನಿಂತೆ. ಬೈಗುಳಕ್ಕೆ ತಯಾರಾಗಿಯೇ ನಿಂತಿದ್ದೆ. ಗಂಟು ಕಟ್ಟು ಎಂದರೂ ಕಟ್ಟುವವಳಿದ್ದೆ. ಅತ್ತೆ ಹಂಚಿನ ಮೇಲೆ ಸುಟ್ಟು ಕಪ್ಪಾಗುತ್ತಿದ್ದ ರೊಟ್ಟಿಯನ್ನು ನೋಡುತ್ತ ಕುಳಿತಿದ್ದರು.

"ನೀ ಹೇಳಿದ ಮ್ಯಾಲೂ ಕಪ್ಪು ಖಾಲಿ ಮಾಡಿದ್ಲೇನು?" ಎಂದರು.

"ಹೂಂರಿ."

ಸುಟ್ಟ ರೊಟ್ಟಿಯನ್ನು ಹಂಚಿನಿಂದ ತೆಗೆದಿಟ್ಟರು. ಆಮೇಲೆ ಹಿಟ್ಟಿನ ಮುಂದಿನಿಂದ ಬಾಜು ಸರಿದು ಕುಳಿತರು.

"ಬಾ. ನೀ ಬಡಿ."

ಕೈ ತೊಳೆದು ಕುಳಿತೆ. ಎರಡು ಬಡಿದೆ, ಮೂರು ಬಡಿದೆ. ಉಸಿರು ಸಾಲಿತು. ಮೊದಲನೆಯ ರೊಟ್ಟಿಯನ್ನು ಅತ್ತೆ ಆರಲು ಬಿಡದೆ ಮುರಿದು, ಪಲ್ಯವಿಲ್ಲದೆ ಹಾಗೇ ತಿಂದರು.